ರ‍್ಯಾಂಪ್ ಇದೆ, ಆದ್ರೆ ಮಗು ಹತ್ತಕ್ಕಾಗ್ತಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳೆಲ್ಲಾ ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇದಾವೆ, ಸರ್ಕಾರಿ ಶಾಲೆಗೆ ಅಂಗವೈಕಲ್ಯ ಇರೋ ಮಗು ಸೇರಿದ್ಮೇಲೆ ಏನೇನ್ ಮಾಡ್ಬೇಕು ಅಂತ. ನನ್ನ ಕೆಲಸ ಶಾಲೆ ಕಟ್ಟಡ ಅಳೆಯೋದು. ಟೇಪು, ರಸಮಟ್ಟ, ಒಂದು ನೇರ ಕೋಲು ಹಿಡ್ಕೊಂಡು ಗೇಟಿಂದ ಶುರು ಮಾಡಿ ಕ್ಲಾಸ್‌ರೂಮು, ಟಾಯ್ಲೆಟ್ಟು, ಕುಡಿಯೋ ನೀರಿನ ನಲ್ಲಿ ತನಕ ಹೋಗಿ ಮಗುವಿನ ದಾರಿ ಎಲ್ಲಿ ಕಟ್ ಆಗತ್ತೆ ಅಂತ ನೋಡೋದು. ಹಾಗಾಗಿ ಉತ್ತರಗಳಲ್ಲಿ ಸೆಂಟಿಮೀಟರು ಸ್ವಲ್ಪ ಜಾಸ್ತೀನೇ ಇರತ್ತೆ, ಸಹಿಸ್ಕೊಳ್ಳಿ.

ಪ್ರಶ್ನೆ: ನನ್ನ ಮಗಳು ನಾಲ್ಕನೇ ಕ್ಲಾಸು, ವೀಲ್‌ಚೇರ್‌ನಲ್ಲಿ ಓಡಾಡ್ತಾಳೆ. ಎಷ್ಟೋ ಸಲ ಕೇಳಿದ್ಮೇಲೆ ಮೂರು ಮೆಟ್ಟಿಲ ಪಕ್ಕ ರ‍್ಯಾಂಪ್ ಕಟ್ಟಿಸಿದ್ರು. ಅವಳೊಬ್ಬಳಿಗೇ ಹತ್ತಕ್ಕಾಗಲ್ಲ, ಇಳಿಯುವಾಗಂತೂ ನಂಗೇ ಜೀವ ಬಾಯಿಗೆ ಬರತ್ತೆ. ಹೇಳಿದ್ರೆ "ರ‍್ಯಾಂಪ್ ಕೇಳಿದ್ರಿ, ಮಾಡಿಸಿದೀವಲ್ಲ" ಅಂತಾರೆ.

ಮೇಡಂ, ಅವಳ ಕೈಯಲ್ಲಿ ಶಕ್ತಿ ಸಾಲ್ತಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಇಳಿಜಾರು ತಪ್ಪಿರತ್ತೆ. ಪ್ರಪಂಚದ ಬಹಳಷ್ಟು ಕಡೆ ಒಪ್ಕೊಂಡಿರೋ ಲೆಕ್ಕ 1:12, ಅಂದ್ರೆ 1 ಸೆಂ.ಮೀ ಎತ್ತರ ಏರೋಕೆ 12 ಸೆಂ.ಮೀ ಉದ್ದ ಬೇಕು. ನಿಮ್ಮ ಮೂರು ಮೆಟ್ಟಿಲು ತಲಾ 15 ಸೆಂ.ಮೀ ಅಂತ ಇಟ್ಕೊಂಡ್ರೆ ಒಟ್ಟು 45, ಅದಕ್ಕೆ ರ‍್ಯಾಂಪು 5.4 ಮೀಟರ್ ಉದ್ದ ಬರತ್ತೆ. ಆದ್ರೆ ಸಾಮಾನ್ಯವಾಗಿ ಮೇಸ್ತ್ರಿ ಜಾಗ ನೋಡ್ಕೊಂಡು ಎರಡೂವರೆ ಮೀಟರ್‌ಗೇ ಮುಗಿಸಿಬಿಡ್ತಾರೆ, ನೋಡೋಕೆ ರ‍್ಯಾಂಪ್ ಥರಾನೇ ಇರತ್ತೆ ಬೇರೆ. ವ್ಯತ್ಯಾಸ ಎಷ್ಟು ಗೊತ್ತಾ, ಮಗು ಮತ್ತೆ ಚೇರು ಸೇರಿ 48 ಕೆಜಿ ಅಂದ್ರೆ 1:12 ಇಳಿಜಾರಲ್ಲಿ ಅವಳು ತಳ್ಳೋದು ಸುಮಾರು 4 ಕೆಜಿ ಭಾರ, ಆ ಗಿಡ್ಡ ರ‍್ಯಾಂಪಲ್ಲಿ ಎಂಟೂವರೆ ಕೆಜಿ. ಅದೂ ಒಂದು ಸೆಕೆಂಡ್ ಕೂಡ ಕೈ ಬಿಡದೆ, ಬಿಟ್ರೆ ಹಿಂದಕ್ಕೆ ಉರುಳತ್ತೆ.

ನೀವೇ ಅಳೀಬಹುದು. ಒಂದು ಮೀಟರ್ ಉದ್ದದ ನೇರ ಕೋಲು ತಗೊಳ್ಳಿ, ಒಂದು ತುದಿ ರ‍್ಯಾಂಪಿಗೆ ತಾಗಿಸಿ ಕೋಲನ್ನ ಮಟ್ಟವಾಗಿ ಹಿಡೀರಿ, ರಸಮಟ್ಟ ಇಲ್ದಿದ್ರೆ ಫೋನಲ್ಲಿರೋ ಲೆವೆಲ್ ಆ್ಯಪ್ ಸಾಕು, ಇನ್ನೊಂದು ತುದಿಯಿಂದ ರ‍್ಯಾಂಪಿಗೆ ಎಷ್ಟು ಗ್ಯಾಪ್ ಇದೆ ನೋಡಿ. 8 ಸೆಂ.ಮೀ ಆಸುಪಾಸು ಇದ್ರೆ ಸರಿ. 15, 18 ಬಂದ್ರೆ ಅದು ರ‍್ಯಾಂಪಲ್ಲ, ಜಾರುಬಂಡೆ.

ಇನ್ನೊಂದು ಯಾರೂ ನೋಡದೇ ಇರೋದು, ಮೇಲಿನ ತುದಿ. ರ‍್ಯಾಂಪ್ ನೇರವಾಗಿ ಬಾಗಿಲಿಗೇ ಹೋಗಿ ಮುಟ್ಟಿದ್ರೆ ಅವಳು ಒಂದು ಕೈಯಲ್ಲಿ ಚಕ್ರ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಬಾಗಿಲು ಎಳೀಬೇಕಾಗತ್ತೆ, ಆಗಲ್ಲ ಅದು. ಅಲ್ಲಿ ಸುಮಾರು 150 ಸೆಂ.ಮೀ ಉದ್ದ ಅಗಲದ ಸಮತಟ್ಟು ಜಾಗ ಬೇಕು, ಚೇರು ಒಂದು ಸುತ್ತು ತಿರುಗೋಷ್ಟು. ಪಕ್ಕದಲ್ಲಿ ಚಕ್ರ ಜಾರದ ಹಾಗೆ ಸಣ್ಣ ಕಟ್ಟೆ, ಎರಡೂ ಕಡೆ ಹಿಡಿಕೆ, ದೊಡ್ಡವರ ಹಿಡಿಕೆ ಕೆಳಗೆ ಮಕ್ಕಳಿಗೆ 70 ಸೆಂ.ಮೀ ಎತ್ತರದಲ್ಲಿ ಇನ್ನೊಂದು. ಹೊಳೆಯೋ ಟೈಲ್ಸ್ ಮಾತ್ರ ಬೇಡವೇ ಬೇಡ, ಹಸಿ ಸಿಮೆಂಟಿನ ಮೇಲೆ ಪೊರಕೆಯಲ್ಲಿ ಅಡ್ಡ ಗೀರು ಎಳೆದ್ರೆ ಸಾಕು. ನೇರಕ್ಕೆ ಜಾಗ ಸಾಲದಿದ್ರೆ ಮಧ್ಯೆ ಒಂದು ಸಮತಟ್ಟು ಬಿಟ್ಟು ರ‍್ಯಾಂಪನ್ನ ಮಡಚಿ ವಾಪಸ್ ತಿರುಗಿಸಬಹುದು.

ಈಗ ಶಾಲೆಗೆ ಒಂದು ಪತ್ರ ಬರೀರಿ, ಆದ್ರೆ "ಕಷ್ಟ ಆಗ್ತಿದೆ" ಅಂತ ಬರೀಬೇಡಿ. ಎತ್ತರ ಇಷ್ಟು, ಈಗಿರೋ ಉದ್ದ ಇಷ್ಟು, ಬೇಕಾಗಿರೋ ಉದ್ದ ಇಷ್ಟು, ಅಂತ ಮೂರೇ ನಂಬರ್ ಬರೀರಿ. ಕಷ್ಟ ಅಂದ್ರೆ ಅಯ್ಯೋ ಪಾಪ ಅಂತ ಹೇಳಿ ಕಳಿಸ್ತಾರೆ, ನಂಬರ್ ಕೊಟ್ರೆ ಇಂಜಿನಿಯರ್ ಹತ್ರ ಕಳಿಸ್ಲೇಬೇಕಾಗತ್ತೆ.

ಪ್ರಶ್ನೆ: ನಾನು ಹೆಡ್‌ಮಾಸ್ಟರ್. ಈ ವರ್ಷ ಒಂದೇ ಒಂದು ಕೆಲಸಕ್ಕಾಗೋಷ್ಟು ದುಡ್ಡಿದೆ. ಕೆಲವರು ಲಿಫ್ಟ್ ಅಂತಾರೆ, ಕೆಲವರು ಸ್ಮಾರ್ಟ್ ಬೋರ್ಡ್ ಅಂತಾರೆ. ಎಲ್ಲಿಂದ ಶುರು ಮಾಡ್ಲಿ?

ಟಾಯ್ಲೆಟ್, ಸರ್. ಯೋಚನೆ ಮಾಡ್ದೇ ಹೇಳ್ತೀನಿ.

ಒಂದು ಶಾಲೆಗೆ ಹೋಗಿದ್ದೆ, ಹೆಸರು ಬೇಡ. ಬಾಗಿಲ ಮೇಲೆ ವೀಲ್‌ಚೇರ್ ಚಿತ್ರ ಇರೋ ನೀಲಿ ಬೋರ್ಡು, ಚೆನ್ನಾಗಿ ಬರೆಸಿದ್ರು. ಬಾಗಿಲಿಗೆ ಬೀಗ. ಕೀ ಯಾರ ಹತ್ರ ಅಂತ ಹುಡುಕೋಕೇ ಇಪ್ಪತ್ತು ನಿಮಿಷ ಆಯ್ತು, ತೆಗೆದು ನೋಡಿದ್ರೆ ಒಳಗೆ ಮುರಿದ ಬೆಂಚು, ಸುಣ್ಣದ ಬಕೆಟ್ಟು, ಪೊರಕೆಗಳು, ಕಮೋಡಿನ ಮೇಲೆ ಹಳೇ ರಿಜಿಸ್ಟರ್ ಬುಕ್ಕುಗಳ ಗಂಟು. ಆ ಶಾಲೆಯಲ್ಲಿ ವೀಲ್‌ಚೇರಿನ ಹುಡುಗ ಒಬ್ಬ ಇದ್ದ, ಏಳನೇ ಕ್ಲಾಸು. ಮಧ್ಯಾಹ್ನ ಮೂರು ಗಂಟೆ ಆಗಿತ್ತು, ಅವನ ಬಾಟ್ಲಿಯಲ್ಲಿ ನೀರು ಕುತ್ತಿಗೆ ತನಕ ಹಾಗೇ ಇತ್ತು. ಯಾಕಪ್ಪಾ ಕುಡಿದಿಲ್ಲ ಅಂದ್ರೆ "ಮನೆಗೆ ಹೋಗಿ ಕುಡೀತೀನಿ ಸರ್" ಅಂದ. ದಿನಾ ಹೀಗೇನಾ ಅಂದಿದ್ದಕ್ಕೆ ತಲೆ ಆಡಿಸ್ದ, ಅದೇನು ದೊಡ್ಡ ವಿಷಯ ಅನ್ನೋ ಹಾಗೆ. ದಿನಾ ಏಳೆಂಟು ಗಂಟೆ ನೀರು ಕುಡೀದೆ, ಮೂತ್ರ ತಡ್ಕೊಂಡು ಕೂತ್ರೆ ಇನ್‌ಫೆಕ್ಷನ್ನು, ತಲೆನೋವು, ಪಾಠದ ಮೇಲೆ ಗಮನ ಇಲ್ಲ. ಆಮೇಲೆ ಆಬ್ಸೆಂಟು. ಆಮೇಲೆ "ಅವನಿಗೆ ಓದಲ್ಲಿ ಆಸಕ್ತಿ ಇಲ್ಲ" ಅಂತ ನಾವೇ ಬರೀತೀವಿ.

ಕಟ್ಟಿಸುವಾಗ ನೋಡ್ಬೇಕಾದ್ದು ಇಷ್ಟು. ಬಾಗಿಲು ಪೂರ್ತಿ ತೆರೆದಾಗ ಕನಿಷ್ಠ 80 ಸೆಂ.ಮೀಗಿಂತ ಜಾಸ್ತಿ ಜಾಗ ಸಿಗ್ಬೇಕು, 90 ಇದ್ರೆ ಒಳ್ಳೇದು. ಬಾಗಿಲು ಹೊರಗಡೆಗೇ ತೆರೀಬೇಕು, ಯಾಕಂದ್ರೆ ಮಗು ಒಳಗೆ ಬಿದ್ದು ಬಾಗಿಲಿಗೇ ಅಡ್ಡ ಮಲಗಿದ್ರೆ ಒಳಗೆ ತೆರೆಯೋ ಬಾಗಿಲನ್ನ ತಳ್ಳೋಕೇ ಆಗಲ್ಲ. ಒಳಗೆ ಚೇರು ತಿರುಗೋಕೆ 150 ಸೆಂ.ಮೀ ಜಾಗ ಬಿಡಿ, ಕಮೋಡಿನ ಒಂದು ಪಕ್ಕ ಖಾಲಿ ಬಿಡಿ, ಅಲ್ಲಿ ಚೇರು ನಿಲ್ಲಿಸಿ ಸರಿದು ಕೂರ್ಬೇಕು. ಹಿಡಿಕೆ ಗೋಡೆಗೆ ಗಟ್ಟಿಯಾಗಿ ಕೂತಿರ್ಬೇಕು, ಟವೆಲ್ ರಾಡ್ ತಂದು ಹಾಕ್ಬೇಡಿ, ಮಗುವಿನ ಇಡೀ ಭಾರ ಅದರ ಮೇಲೇ ಬೀಳತ್ತೆ. ಸೀಟಿನ ಎತ್ತರ ವಯಸ್ಸು ನೋಡಿ ಇಡಿ, ಅಮೆರಿಕದ ಅಂಗವೈಕಲ್ಯ ಕಾನೂನು ಎಡಿಎ ಇದೆಯಲ್ಲ, ಅದರ ಸ್ಟ್ಯಾಂಡರ್ಡ್‌ನಲ್ಲಿ 5ರಿಂದ 8 ವರ್ಷದವರಿಗೆ ಸುಮಾರು 30ರಿಂದ 38 ಸೆಂ.ಮೀ, 9ರಿಂದ 12ರವರಿಗೆ 38ರಿಂದ 43 ಅಂತ ಇದೆ. ದೊಡ್ಡವರ ಅಳತೆ ಹಾಕಿದ್ರೆ ಚಿಕ್ಕವರ ಕಾಲು ಗಾಳಿಯಲ್ಲಿ ನೇತಾಡತ್ತೆ. ನಲ್ಲಿ, ಚಿಲಕ ಎಲ್ಲಾ ಕೂತಲ್ಲೇ ಕೈಗೆಟುಕ್ಬೇಕು. ದೊಡ್ಡ ಹೆಣ್ಣುಮಕ್ಕಳಿಗೆ ಮುಚ್ಚಳ ಇರೋ ಡಸ್ಟ್‌ಬಿನ್ನು ಮತ್ತೆ ಬಟ್ಟೆ ಬದಲಾಯಿಸೋಕೆ ಒಂದು ಹಲಗೆ.

ಲಿಫ್ಟಿನ ವಿಷಯ ಕೇಳಿದ್ರಲ್ಲ, ಆ ಮಗುವಿನ ಕ್ಲಾಸನ್ನ ಗ್ರೌಂಡ್ ಫ್ಲೋರಿಗೆ ತಂದುಬಿಡಿ. ಲ್ಯಾಬು, ಲೈಬ್ರರಿ, ಕಂಪ್ಯೂಟರ್ ರೂಮು ಮೇಲಿದ್ರೆ ಅವುನ್ನೂ ಒಂದೊಂದಾಗಿ ಕೆಳಗಿಳಿಸ್ಬೇಕಾಗತ್ತೆ, ಬರೀ ಕ್ಲಾಸ್ ತಂದ್ರೆ ಅವನು ಕೆಳಗೇ ಕೂತು ಬೇರೆಯವರು ಪ್ರಾಕ್ಟಿಕಲ್ ಮಾಡೋ ಹಾಗಾಗತ್ತೆ. ಮತ್ತೆ ಆ ಟಾಯ್ಲೆಟ್ಟಿಗೆ ಬೀಗ ಹಾಕ್ಬೇಡಿ ಸರ್, ದಯವಿಟ್ಟು.

ಪ್ರಶ್ನೆ: ನಾನು ಗಣಿತ ಟೀಚರ್. ಒಬ್ಬ ಹುಡುಗನಿಗೆ ಸ್ವಲ್ಪ ಕಾಣತ್ತೆ, ಪೂರ್ತಿ ಇಲ್ಲ. ಮುಂದಿನ ಬೆಂಚಲ್ಲಿ ಕೂರಿಸಿದೀನಿ. ಸಾಕಾ? ಪುಸ್ತಕನ ದೊಡ್ಡ ಅಕ್ಷರಕ್ಕೋ ಬ್ರೈಲ್‌ಗೋ ಮಾಡಿಸಿದ್ರೆ ಕಾಪಿರೈಟ್ ತೊಂದ್ರೆ ಬರತ್ತಾ?

ಮುಂದಿನ ಬೆಂಚು ಒಳ್ಳೇದೇ, ಆದ್ರೆ ಅವನನ್ನ ಕೇಳಿ ಕೂರಿಸಿದ್ರಾ? ಕೆಲವರಿಗೆ ಮಧ್ಯದ ದೃಷ್ಟಿ ಇರಲ್ಲ, ಅಂಚಿನಿಂದ ನೋಡ್ತಾರೆ, ಅವರಿಗೆ ಓರೆಯಾಗಿ ಕೂತ್ರೇನೇ ಕಾಣೋದು. ಇನ್ನು ಕೆಲವರಿಗೆ ಕಿಟಕಿ ಬೆಳಕು ಬೋರ್ಡ್ ಮೇಲೆ ಬಿದ್ರೆ ಮುಗೀತು, ಎಲ್ಲಾ ಬಿಳಿ. ಒಂದು ದಿನ ಕ್ಲಾಸ್ ಮುಗಿದ್ಮೇಲೆ ಬೇರೆ ಬೇರೆ ಜಾಗದಲ್ಲಿ ಕೂರಿಸಿ ಓದ್ಸಿ, ಹತ್ತು ನಿಮಿಷದ ಕೆಲಸ.

ಅದಕ್ಕಿಂತ ದೊಡ್ಡ ಬದಲಾವಣೆ ನಿಮ್ಮ ಬಾಯಲ್ಲಿದೆ. "ಇದನ್ನ ಇಲ್ಲಿಂದ ಕಳೆದ್ರೆ ಇದು ಬರತ್ತೆ" ಅಂತ ಹೇಳ್ತಾ ಬರೀತೀವಲ್ಲ, ಬೋರ್ಡ್ ಕಾಣದವನಿಗೆ ಆ ವಾಕ್ಯದಲ್ಲಿ ಏನೂ ಇಲ್ಲ. "ಹದಿನೆಂಟರಿಂದ ಏಳು ಕಳೆದ್ರೆ ಹನ್ನೊಂದು" ಅನ್ನಿ, ಬರೆದಿದ್ದೆಲ್ಲಾ ಬಾಯಲ್ಲೂ ಬರ್ಲಿ. ಹಿಂದಿನ ಬೆಂಚಿನವರಿಗೂ ಉಪಕಾರ ಆಗತ್ತೆ, ಅವರು ಹೇಳಲ್ಲ ಅಷ್ಟೇ.

ನೋಟ್ಸ್ ಕೊಡೋದಾದ್ರೆ ಅಕ್ಷರದ ಸೈಜು 18 ಪಾಯಿಂಟಿಂದ ಶುರು ಮಾಡಿ ನೋಡಿ, ಕಪ್ಪು ಮೇಲೆ ಬಿಳಿ ಅಥವಾ ಬಿಳಿ ಮೇಲೆ ಕಪ್ಪು, ಬೂದು ಬಣ್ಣದ ಅಕ್ಷರ ಬೇಡ. ಫೋನಲ್ಲೋ ಕಂಪ್ಯೂಟರಲ್ಲೋ ಕೇಳಿಸ್ಕೊಂಡು ಓದ್ತಾನೆ ಅಂದ್ರೆ ಪುಟದ ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸ್ಬೇಡಿ, ಪರದೆ ಮೇಲಿರೋ ಅಕ್ಷರನ ಓದಿ ಹೇಳೋ ಸಾಫ್ಟ್‌ವೇರಿಗೆ, ಅಂದ್ರೆ ಸ್ಕ್ರೀನ್ ರೀಡರ್‌ಗೆ, ಅದು ಬರೀ ಚಿತ್ರ, ಅಕ್ಷರ ಅಂತ ಗೊತ್ತಾಗಲ್ಲ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಹಳೇ ಫಾಂಟಲ್ಲಿ ಟೈಪ್ ಮಾಡಿದ ಕನ್ನಡ ನಮ್ಮ ಕಣ್ಣಿಗೆ ಕನ್ನಡ, ಮಷಿನ್‌ಗೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಹಾಗೇ ಓದಿ ಹೇಳತ್ತೆ ಬೇರೆ. ಎನ್‌ವಿಡಿಎ ಅಂತ ಸ್ಕ್ರೀನ್ ರೀಡರ್ ಫ್ರೀ ಸಿಗತ್ತೆ, ಕಳಿಸೋ ಮುಂಚೆ ನೀವೇ ಒಂದ್ಸಲ ಕಣ್ಮುಚ್ಚಿ ಕೇಳಿ ನೋಡಿ.

ಕಾಪಿರೈಟಿನ ಭಯಕ್ಕೆ ಅಂತಾನೇ 2013ರಲ್ಲಿ ಮರಾಕೇಶ್ ಒಪ್ಪಂದ ಆಯ್ತು. ಅದಕ್ಕೆ ಸೇರಿದ ದೇಶಗಳು ದೃಷ್ಟಿದೋಷ ಇರೋರಿಗಾಗಿ ಪುಸ್ತಕನ ಬ್ರೈಲು, ದೊಡ್ಡ ಅಕ್ಷರ, ಆಡಿಯೋಗೆ ಬದಲಾಯಿಸೋಕೆ ಹಕ್ಕುದಾರರ ಪರ್ಮಿಷನ್ ಬೇಡ ಅಂತ ತಮ್ಮ ಕಾನೂನಲ್ಲಿ ವಿನಾಯ್ತಿ ಇಡ್ಬೇಕು. ಭಾರತ ಅದನ್ನ ಮೊದಲು ಅನುಮೋದಿಸಿದ ದೇಶ, 2014ರಲ್ಲೇ. ಧೈರ್ಯವಾಗಿ ಮಾಡ್ಸಿ.

ಪ್ರಶ್ನೆ: ಮಗನಿಗೆ ಒಳ್ಳೇ ಹಿಯರಿಂಗ್ ಏಡ್ ಹಾಕಿಸಿದೀವಿ. ಮನೇಲಿ ಕೇಳ್ಸತ್ತೆ, ಕ್ಲಾಸಲ್ಲಿ ಕೇಳ್ಸಲ್ಲ ಅಂತಾನೆ. ನೆಪ ಹೇಳ್ತಿದಾನಾ?

ಇಲ್ಲ, ನಿಜಾನೇ ಹೇಳ್ತಿದಾನೆ. ಹಿಯರಿಂಗ್ ಏಡು ಟೀಚರ್ ದನಿ ಜೊತೆ ಫ್ಯಾನು, ಬೆಂಚು ಎಳೆಯೋ ಸದ್ದು, ಪಕ್ಕದ ಕ್ಲಾಸಿನ ಮಗ್ಗಿ ಎಲ್ಲಾನೂ ದೊಡ್ಡದು ಮಾಡತ್ತೆ. ಖಾಲಿ ಗೋಡೆ, ಕಾಂಕ್ರೀಟ್ ಸೂರು ಇದ್ರೆ ಮಾತು ಗೋಡೆಗೆ ಬಡಿದು ಬಡಿದು ಒಂದರ ಮೇಲೊಂದು ಬೀಳತ್ತೆ. ರೂಮಿನ ಮಧ್ಯೆ ನಿಂತು ಒಂದ್ಸಲ ಜೋರಾಗಿ ಚಪ್ಪಾಳೆ ಹೊಡೆದು ನೋಡಿ, ಸದ್ದು ತಕ್ಷಣ ನಿಲ್ಲದೆ ಗುಂಯ್ ಅಂತ ಉಳಿದ್ರೆ ಅದೇ ಕಾರಣ. ಬೆಂಚಿನ ಕಾಲಿಗೆ ರಬ್ಬರ್ ಬುಷ್, ಹಿಂದಿನ ಗೋಡೆಗೆ ಮೆತ್ತನೆ ಬೋರ್ಡು, ಟೀಚರ್ ಬೋರ್ಡ್ ಕಡೆ ತಿರುಗಿದಾಗ ಮಾತಾಡದೇ ಇರೋದು, ಇಷ್ಟಕ್ಕೇ ಎಷ್ಟೋ ಸುಧಾರಿಸತ್ತೆ. ಟೀಚರ್ ಕೊರಳಿಗೆ ಹಾಕ್ಕೊಳ್ಳೋ ವೈರ್‌ಲೆಸ್ ಮೈಕು ಬರತ್ತೆ, ದನಿ ನೇರ ಅವನ ಏಡ್‌ಗೇ ಹೋಗತ್ತೆ. ಅವನ ಏಡ್‌ಗೆ ಹೊಂದೋದು ಯಾವ್ದು ಅಂತ ಆಡಿಯಾಲಜಿಸ್ಟನ್ನ, ಅಂದ್ರೆ ಕಿವಿ ಎಷ್ಟು ಕೇಳತ್ತೆ ಅಂತ ಪರೀಕ್ಷೆ ಮಾಡೋ ತಜ್ಞರನ್ನ ಕೇಳಿ.

ಪ್ರಶ್ನೆ: ಇಷ್ಟೆಲ್ಲಾ ಒದ್ದಾಡೋ ಬದ್ಲು ಸ್ಪೆಷಲ್ ಸ್ಕೂಲಿಗೆ ಕಳಿಸಿದ್ರೆ ಮಗುಗೂ ಒಳ್ಳೇದಲ್ವಾ, ಬೇರೆ ಮಕ್ಕಳಿಗೂ ತೊಂದ್ರೆ ಇಲ್ಲ?

"ಬೇರೆ ಮಕ್ಕಳಿಗೆ ತೊಂದ್ರೆ" ಅನ್ನೋದನ್ನ ನಾನು ಒಪ್ಪಲ್ಲ. ರ‍್ಯಾಂಪ್ ಆದ್ಮೇಲೆ ಯಾರ್ಯಾರು ಅದರ ಮೇಲೆ ಹೋಗ್ತಾರೆ ಅಂತ ಒಂದು ದಿನ ಕೂತು ನೋಡಿ, ಮಂಡಿನೋವಿನ ಟೀಚರ್ರು, ಕಾಲು ಫ್ರ್ಯಾಕ್ಚರ್ ಆದ ಹುಡುಗ, ದೊಡ್ಡ ಪಾತ್ರೆ ಹೊತ್ತು ಬರೋ ಅಡುಗೆಯವರು. ಕಾನೂನಿನ ಮಾತು ಅಂದ್ರೆ, ವಿಶ್ವಸಂಸ್ಥೆ 2006ರಲ್ಲಿ ಒಪ್ಕೊಂಡ ಅಂಗವೈಕಲ್ಯ ಇರೋರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಅಂಗವೈಕಲ್ಯದ ಕಾರಣಕ್ಕೆ ಸಾಮಾನ್ಯ ಶಿಕ್ಷಣ ವ್ಯವಸ್ಥೆಯಿಂದ ಯಾರನ್ನೂ ಹೊರಗಿಡಬಾರದು ಅನ್ನತ್ತೆ, ಆ ಮಗುಗೆ ಬೇಕಾದ ಹೊಂದಾಣಿಕೆ ಮಾಡ್ಕೊಡ್ಬೇಕು ಅಂತಾನೂ ಅನ್ನತ್ತೆ. ಎರಡನೇದು ಮುಖ್ಯ. ಅಡ್ಮಿಷನ್ ಕೊಟ್ಟು ಮೂಲೇಲಿ ಕೂರಿಸೋದು ಸೇರಿಸ್ಕೊಂಡಂಗಲ್ಲ.

ಒಂದು ಕಡೆ ಮಾತ್ರ ನಾನು ಹುಷಾರಾಗಿ ಮಾತಾಡ್ತೀನಿ, ಪೂರ್ತಿ ಕಿವುಡಾದ, ಸೈನ್ ಲ್ಯಾಂಗ್ವೇಜೇ ಮೊದಲ ಭಾಷೆ ಆಗಿರೋ ಮಕ್ಕಳ ವಿಷಯದಲ್ಲಿ. ಸನ್ನೆ ಗೊತ್ತಿರೋ ಒಬ್ಬರೂ ಇಲ್ಲದ ಶಾಲೆಯಲ್ಲಿ ನಲವತ್ತು ಮಕ್ಕಳ ಮಧ್ಯೆ ಕೂತ್ರೂ ಆ ಮಗು ಒಂಟಿ. ಅದೇ 24ನೇ ವಿಧಿಯಲ್ಲಿ ಸೈನ್ ಲ್ಯಾಂಗ್ವೇಜ್ ಕಲಿಸೋದು, ಅದು ಗೊತ್ತಿರೋ ಟೀಚರ್‌ಗಳನ್ನ ನೇಮಿಸೋದು ಕೂಡ ಇದೆ. ಅದಾಗೋ ತನಕ ತಂದೆತಾಯಿ ಸನ್ನೆ ಭಾಷೆ ಇರೋ ಶಾಲೆ ಹುಡುಕಿದ್ರೆ ನಾನಂತೂ ತಪ್ಪು ಅನ್ನಲ್ಲ.

ಪ್ರಶ್ನೆ: ಬೆಲ್ ಹೊಡೆದ್ರೆ ಕಿವಿ ಮುಚ್ಕೊಂಡು ಕಿರುಚೋ ಮಗು ಇದೆ, ಆಟಿಸಂ ಅಂತಾರೆ. ಇದಕ್ಕೆ ಕಟ್ಟಡದಲ್ಲಿ ಏನ್ ಮಾಡಕ್ಕಾಗತ್ತೆ?

ಬೆಲ್ಲನ್ನ ಆ ಕ್ಲಾಸಿಂದ ದೂರ ಹಾಕಿ, ಸದ್ದು ಕಮ್ಮಿ ಮಾಡಿ, ಹೊಡೆಯೋಕೆ ಎರಡು ನಿಮಿಷ ಮುಂಚೆ ಮಗುಗೆ ಹೇಳಿ. ಪಟಪಟ ಅನ್ನೋ ಟ್ಯೂಬ್‌ಲೈಟ್ ಇದ್ರೆ ಬದಲಾಯಿಸಿ. ಸದ್ದು ಜಾಸ್ತಿ ಆದಾಗ ಹೋಗಿ ಕೂರೋಕೆ ಒಂದು ಶಾಂತವಾದ ಮೂಲೆ ಇರ್ಲಿ, ಆದ್ರೆ ಶಿಕ್ಷೆಗೆ ಅಂತ ಯಾರನ್ನೂ ಅಲ್ಲಿ ಕೂರಿಸ್ಬೇಡಿ, ಒಂದ್ಸಲ ಶಿಕ್ಷೆಯ ಮೂಲೆ ಆದ್ರೆ ಆ ಮಗು ಮತ್ತೆ ಅಲ್ಲಿಗೆ ಹೋಗಲ್ಲ.

ಪ್ರಶ್ನೆ: ನಮ್ಮಲ್ಲಿ ಫೈರ್ ಡ್ರಿಲ್ ಮಾಡುವಾಗ ವೀಲ್‌ಚೇರ್ ಹುಡುಗನನ್ನ ಮೊದಲೇ ಹೊರಗೆ ಕೂರಿಸ್ತೀವಿ. ಸರೀನಾ?

ನಿಜವಾದ ಬೆಂಕಿ ಮೊದಲೇ ಹೇಳಿ ಬರಲ್ವಲ್ಲ! ಅವನನ್ನ ಕ್ಲಾಸಲ್ಲೇ ಇಟ್ಟು ಡ್ರಿಲ್ ಮಾಡಿ. ಯಾರು ಅವನ ಜೊತೆ ಹೋಗ್ತಾರೆ, ಅವರು ರಜೆ ಇದ್ರೆ ಯಾರು, ಯಾವ ಬಾಗಿಲು, ಇದು ಕಾಗದದ ಮೇಲೆ ಬರೆದಿರ್ಲಿ, ಅವನಿಗೂ ಗೊತ್ತಿರ್ಲಿ. ಬೆಂಕಿ ಬಿದ್ದಾಗ ಲಿಫ್ಟ್ ಲೆಕ್ಕಕ್ಕಿಲ್ಲ. ಕಿವಿ ಕೇಳದ ಮಕ್ಕಳಿದ್ರೆ ಸೈರನ್ ಜೊತೆ ಮಿನುಗೋ ಲೈಟು ಬೇಕು, ಟಾಯ್ಲೆಟ್ ಒಳಗೂ. ಹೊರಗೆ ಬರೋಕೆ ಎಷ್ಟು ನಿಮಿಷ ಆಯ್ತು ಅಂತ ಬರ್ಕೊಳ್ಳಿ, ಹಾಗೇ ರ‍್ಯಾಂಪ್ ಇರೋ ಕಡೆ ಗೇಟಿನ ಕೀ ಆ ಹೊತ್ತಿಗೆ ಯಾರ ಜೇಬಲ್ಲಿತ್ತು ಅಂತಾನೂ.