ಬೋರ್ಡಿನಲ್ಲಿ ಮಹಿಳೆಯರಿದ್ದರೆ ಕಂಪನಿಗೆ ಹೆಸರು ಬರುತ್ತದಾ? ಷೇರು ಕೊಳ್ಳುವ ಮೊದಲು ಅದನ್ನು ನೋಡಬೇಕಾ?

ನೋಡಿ. ಆದರೆ ತಲೆ ಎಣಿಸಿ ಸುಮ್ಮನಾಗಬೇಡಿ. ನಾನು ಬೆಂಗಳೂರಿನಲ್ಲಿ ಕಂಪನಿ ಸೆಕ್ರೆಟರಿ, ಬೋರ್ಡ್ ಮೀಟಿಂಗಿನ ಮಿನಿಟ್ಸ್ (ನಡಾವಳಿ) ಬರೆಯುವುದು ನನ್ನ ಹೊಟ್ಟೆಪಾಡು. ಮಹಿಳಾ ನಿರ್ದೇಶಕರನ್ನು ಬೋರ್ಡಿಗೆ ಯಾರು ಕರೆತಂದರು, ಯಾವ ಕಮಿಟಿಯಲ್ಲಿ ಕೂರಿಸಿದರು, ಬೇಡ ಅಂದಾಗ ಅದು ದಾಖಲಾಯಿತೇ ಎಂಬ ಮೂರು ಸಂಗತಿ ಗೊತ್ತಾದರೆ ಆ ಕಂಪನಿಯ ಬಗ್ಗೆ ಅರ್ಧ ತಿಳಿದಂತೆ.

ಮೊದಲು ಕಾನೂನು. 2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಪೇಟೆಯಲ್ಲಿ ಲಿಸ್ಟ್ ಆದ ಪ್ರತಿ ಕಂಪನಿಯಲ್ಲೂ ಒಬ್ಬ ಮಹಿಳಾ ನಿರ್ದೇಶಕರಾದರೂ ಇರಬೇಕು. ಲಿಸ್ಟ್ ಆಗದಿದ್ದರೂ 100 ಕೋಟಿ ಪಾವತಿಯಾದ ಬಂಡವಾಳ (ಷೇರುದಾರರು ಕಟ್ಟಿದ ಹಣ) ಅಥವಾ 300 ಕೋಟಿ ವಹಿವಾಟು ಇರುವ ಪಬ್ಲಿಕ್ ಕಂಪನಿಗೂ ಇದು ಅನ್ವಯ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಮೊದಲು 2014ರ ಅಕ್ಟೋಬರ್ 1ರ ಗಡುವು ಕೊಟ್ಟು, ಆಮೇಲೆ 2015ರ ಏಪ್ರಿಲ್ 1ಕ್ಕೆ ಮುಂದೂಡಿತು. ಆ ಮಾರ್ಚ್ ತಿಂಗಳ ಗಡಿಬಿಡಿ ನಮ್ಮ ವೃತ್ತಿಯವರಿಗೆ ಇನ್ನೂ ನಗು ತರಿಸುತ್ತದೆ. ಮಾಲೀಕರ ಹೆಂಡತಿ, ಮಗಳು, ನಾದಿನಿ, ಹೀಗೆ ಮನೆಯಲ್ಲಿ ಸಿಕ್ಕವರ ಹೆಸರಿಗೆ ಡಿಐಎನ್ (ನಿರ್ದೇಶಕರ ಗುರುತಿನ ಸಂಖ್ಯೆ) ಮಾಡಿಸಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದ್ದೇ ಹಾಕಿಸಿದ್ದು. ಕಾಯ್ದೆ ಮಹಿಳೆ ಇರಬೇಕು ಅಂದಿತ್ತೇ ಹೊರತು ಹೊರಗಿನವರಾಗಿರಬೇಕು ಅಂದಿರಲಿಲ್ಲ. ಗಡುವು ದಾಟಿ ಜೂನ್ ಕೊನೆಯೊಳಗೆ ನೇಮಿಸಿದವರಿಗೆ ದಂಡ 50,000 ರೂಪಾಯಿ. ಕೆಲವು ಕಂಪನಿಗಳ ವಾರ್ಷಿಕ ಸಭೆಯ ಊಟದ ಬಿಲ್ಲೇ ಅದಕ್ಕಿಂತ ದೊಡ್ಡದು! ಮನೆಯವರು ಎಂದ ಮಾತ್ರಕ್ಕೆ ಕೆಲಸಕ್ಕೆ ಬಾರದವರು ಎಂದು ನಾನು ಹೇಳುತ್ತಿಲ್ಲ. ವ್ಯವಹಾರವನ್ನು ಗಂಡಸರಿಗಿಂತ ಚೆನ್ನಾಗಿ ಬಲ್ಲ ಸೊಸೆಯಂದಿರನ್ನು ನೋಡಿದ್ದೇನೆ. ಆದರೆ ಮಾವನ ಪ್ರಸ್ತಾವಕ್ಕೆ ಸೊಸೆ ಬೋರ್ಡಿನಲ್ಲಿ ವಿರೋಧ ಬರೆಸುತ್ತಾಳೆ ಎಂದು ಹೂಡಿಕೆದಾರ ನಂಬುವುದು ಕಷ್ಟ.

ಈ ಲೋಪ ಮುಚ್ಚಿದ್ದು ಸೆಬಿ ನೇಮಿಸಿದ್ದ ಉದಯ್ ಕೋಟಕ್ ಸಮಿತಿಯ ವರದಿಯ ಮೇಲೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳು 2019ರ ಏಪ್ರಿಲ್ 1ರೊಳಗೆ, ಮೊದಲ 1000 ಕಂಪನಿಗಳು 2020ರ ಏಪ್ರಿಲ್ 1ರೊಳಗೆ ಒಬ್ಬ ಸ್ವತಂತ್ರ, ಅಂದರೆ ಮಾಲೀಕರ ಮನೆಗೆ ಸೇರದ ಹೊರಗಿನ, ಮಹಿಳಾ ನಿರ್ದೇಶಕರನ್ನು ಹೊಂದಿರಬೇಕು ಎಂದಾಯಿತು.

ಇಂಡಿಗೋ ಕತೆ ಇಲ್ಲಿ ಬರುತ್ತದೆ. ಆ ವಿಮಾನ ಕಂಪನಿಯ ಬೋರ್ಡಿನಲ್ಲಿ ಪ್ರವರ್ತಕ (ಕಂಪನಿ ಕಟ್ಟಿದ ಮಾಲೀಕ) ರಾಹುಲ್ ಭಾಟಿಯಾ ಅವರ ಪತ್ನಿ ರೋಹಿಣಿ ಭಾಟಿಯಾ ಇದ್ದರು, ಹಳೆಯ ನಿಯಮಕ್ಕೆ ಅಷ್ಟು ಸಾಕಿತ್ತು. ಹೊಸ ನಿಯಮ ಬಂದ ಮೇಲೆ ಸ್ವತಂತ್ರ ಮಹಿಳಾ ನಿರ್ದೇಶಕರ ಜಾಗ ತುಂಬಲಿಲ್ಲ. 2019ರ ಜುಲೈನಲ್ಲಿ ಇನ್ನೊಬ್ಬ ಪ್ರವರ್ತಕ ರಾಕೇಶ್ ಗಂಗ್ವಾಲ್ ಸೆಬಿಗೆ ದೂರು ಬರೆದಾಗ ಇದೂ ಆ ಪತ್ರದಲ್ಲಿತ್ತು. ಮುಖ್ಯ ತಕರಾರು ಭಾಟಿಯಾ ಸಮೂಹದ ಜೊತೆಗಿನ ವ್ಯವಹಾರಗಳದ್ದು. ಪಾನ್ ಅಂಗಡಿಯೂ ಇದಕ್ಕಿಂತ ಘನತೆಯಿಂದ ನಡೆದುಕೊಳ್ಳುತ್ತಿತ್ತು ಎಂಬರ್ಥದ ಗಂಗ್ವಾಲ್ ಅವರ ಮಾತು ಪತ್ರಿಕೆಗಳಲ್ಲಿ ಬಂತು, ಷೇರು ಶೇ. 10ಕ್ಕಿಂತ ಹೆಚ್ಚು ಕುಸಿಯಿತು. ಸೆಪ್ಟೆಂಬರಿನಲ್ಲಿ ವಕೀಲೆ ಪಲ್ಲವಿ ಶ್ರಾಫ್ ಬೋರ್ಡಿಗೆ ಬಂದರು. ಕುರ್ಚಿ ಖಾಲಿ ಇದ್ದದ್ದೊಂದರಿಂದಲೇ ಷೇರು ಬಿತ್ತು ಎನ್ನಲಾಗದು. ಮನೆಯವರ ಜೊತೆಗಿನ ವ್ಯವಹಾರವನ್ನು ಪ್ರಶ್ನಿಸುವ ಹೊರಗಿನವರು ಬೇಕಾದಷ್ಟು ಇಲ್ಲ ಎಂಬ ಅನುಮಾನಕ್ಕೆ ಆ ಖಾಲಿ ಕುರ್ಚಿ ಸಾಕ್ಷಿ ಒದಗಿಸಿತು.

ಹಾಗಂತ ಖಾಲಿ ಜಾಗ ಎಲ್ಲರನ್ನೂ ಕಾಡುವುದಿಲ್ಲ. ಇಂಡಿಯನ್ ಆಯಿಲ್, ಒಎನ್‌ಜಿಸಿಯಂಥ ಸರ್ಕಾರಿ ಕಂಪನಿಗಳಿಗೆ ನಿರ್ದೇಶಕರ ಕೊರತೆಗಾಗಿ ಷೇರುಪೇಟೆಗಳು ದಂಡ ಹಾಕುತ್ತಲೇ ಬಂದಿವೆ. ನೇಮಕ ಮಾಡುವುದು ಸರ್ಕಾರ, ನಮ್ಮ ಕೈಯಲ್ಲಿಲ್ಲ ಎಂಬುದು ಅವುಗಳ ಉತ್ತರ. ಅದಕ್ಕೆಂದು ಯಾರೂ ಪೆಟ್ರೋಲ್ ಹಾಕಿಸುವುದು ಬಿಟ್ಟಿಲ್ಲ.

ನನ್ನ ಕೆಲಸಕ್ಕೆ ತೀರಾ ಹತ್ತಿರದ್ದು ಐಟಿ ಕಂಪನಿ ಸತ್ಯಂನ ಕತೆ. 2008ರ ಡಿಸೆಂಬರ್ 16ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರ ಮಕ್ಕಳ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳುವ ಪ್ರಸ್ತಾವಕ್ಕೆ ಬೋರ್ಡ್ ಒಪ್ಪಿಗೆ ಕೊಟ್ಟಿತು. ಹೂಡಿಕೆದಾರರು ಸಿಡಿದೆದ್ದರು, ಕೆಲವೇ ಗಂಟೆಗಳಲ್ಲಿ ಅದನ್ನು ಕೈಬಿಡಬೇಕಾಯಿತು. ಬೋರ್ಡಿನಲ್ಲಿ ಬಹುಕಾಲದಿಂದ ಇದ್ದ ಸ್ವತಂತ್ರ ನಿರ್ದೇಶಕಿ ಮಂಗಳಂ ಶ್ರೀನಿವಾಸನ್ ಅದೇ ತಿಂಗಳು ರಾಜೀನಾಮೆ ಕೊಟ್ಟರು. ಮನಸ್ಸಿನಲ್ಲಿ ಆಕ್ಷೇಪವಿದ್ದೂ ವಿರುದ್ಧ ಮತ ಹಾಕದ ನೈತಿಕ ಹೊಣೆ ಹೊರುತ್ತೇನೆ ಎಂಬುದು ಅವರು ಕೊಟ್ಟ ಕಾರಣ. ಜನವರಿ 7ಕ್ಕೆ, ಲೆಕ್ಕಪತ್ರದಲ್ಲಿ ಮೋಸ ಮಾಡಿದ್ದೆ ಎಂಬ ರಾಜು ಅವರ ತಪ್ಪೊಪ್ಪಿಗೆ ಪತ್ರ ಹೊರಬಿತ್ತು. ಹಾರ್ವರ್ಡಿನ ಪ್ರಾಧ್ಯಾಪಕ, ಮಾಜಿ ಸಂಪುಟ ಕಾರ್ಯದರ್ಶಿ, ಬಿಸಿನೆಸ್ ಸ್ಕೂಲಿನ ಡೀನ್ ಎಲ್ಲರೂ ಇದ್ದ ಬೋರ್ಡು ಅದು. ಆದ್ದರಿಂದ ಹೊಣೆಯನ್ನು ಆಕೆಯೊಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಬೋರ್ಡಿನಲ್ಲಿ ಮಹಿಳೆ ಇದ್ದಾರೆ ಎಂಬುದನ್ನೇ ರಕ್ಷಾಕವಚ ಅಂದುಕೊಳ್ಳುವವರಿಗೆ ನಾನು ಮೊದಲು ಹೇಳುವುದು ಈ ಕತೆಯನ್ನೇ.

ಕಂಪನಿ ಕಾಯ್ದೆಯ ನಾಲ್ಕನೇ ಅನುಸೂಚಿ, ಬಗೆಹರಿಯದ ಆಕ್ಷೇಪವನ್ನು ಮಿನಿಟ್ಸಿನಲ್ಲಿ ದಾಖಲಿಸುವಂತೆ ಸ್ವತಂತ್ರ ನಿರ್ದೇಶಕರು ಪಟ್ಟು ಹಿಡಿಯಬೇಕು ಎನ್ನುತ್ತದೆ. ಒಬ್ಬರೇ ಮಹಿಳೆ ಇರುವ ಮೀಟಿಂಗಿನಲ್ಲಿ ಆ ಪಟ್ಟು ಹೇಗೆ ಸಡಿಲವಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. "ಮುಂದಿನ ಮೀಟಿಂಗಲ್ಲಿ ನೋಡೋಣ ಮೇಡಂ" ಎಂದು ಅಧ್ಯಕ್ಷರು ನಗುತ್ತಾರೆ, ಕಾಫಿ ಬರುತ್ತದೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ. ಇಬ್ಬರಿದ್ದರೆ ಇನ್ನೊಬ್ಬರು "ಇಲ್ಲ, ಈಗಲೇ ಬರೆದುಕೊಳ್ಳಿ" ಎಂದು ನನ್ನ ಕಡೆ ತಿರುಗುತ್ತಾರೆ.

ಸ್ವಂತ ಹೆಸರು ಗಳಿಸಿದವರು ಬಂದರೆ ಮಾತೇ ಬೇರೆ. 1978ರಲ್ಲಿ ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಶಾ 2014ರಲ್ಲಿ ಇನ್ಫೋಸಿಸ್ ಬೋರ್ಡಿಗೆ ಬಂದು, 2018ರಿಂದ 2023ರ ಮಾರ್ಚ್‌ವರೆಗೆ ಪ್ರಧಾನ ಸ್ವತಂತ್ರ ನಿರ್ದೇಶಕರಾಗಿದ್ದರು. ಅಂಥವರಿಗೆ ಕಂಪನಿಯಿಂದ ಬರಬೇಕಾದ ಹೆಸರೇನಿಲ್ಲ, ಕಳೆದುಕೊಳ್ಳಲು ತಮ್ಮ ಹೆಸರಿದೆ.

ನೀವು ಮಾಡಬೇಕಾದದ್ದು ಇಷ್ಟು. ವಾರ್ಷಿಕ ವರದಿಯ ಗ್ರೂಪ್ ಫೋಟೋ ದಾಟಿ ಕಾರ್ಪೊರೇಟ್ ಗವರ್ನೆನ್ಸ್ ವರದಿಯ ಪುಟಕ್ಕೆ ಹೋಗಿ. ನಿರ್ದೇಶಕರ ನಡುವಿನ ನೆಂಟಸ್ತಿಕೆ, ಯಾರು ಎಷ್ಟು ಮೀಟಿಂಗಿಗೆ ಬಂದರು, ಇನ್ನೆಷ್ಟು ಕಂಪನಿಗಳಲ್ಲಿದ್ದಾರೆ, ಎಲ್ಲವೂ ಅಲ್ಲೇ ಪಟ್ಟಿಯಲ್ಲಿರುತ್ತದೆ. ಮಹಿಳಾ ನಿರ್ದೇಶಕರು ಲೆಕ್ಕಪತ್ರ ನೋಡುವ ಆಡಿಟ್ ಕಮಿಟಿಯಲ್ಲಿದ್ದಾರಾ, ಇಲ್ಲ ಬರೀ ಸಮಾಜಸೇವೆಯ ಖರ್ಚು ನೋಡುವ ಸಿಎಸ್‌ಆರ್ ಕಮಿಟಿಯಲ್ಲಾ ನೋಡಿ. ಸ್ವತಂತ್ರ ನಿರ್ದೇಶಕರು ಅವಧಿಗೆ ಮೊದಲೇ ಬಿಟ್ಟರೆ ಕಾರಣ ವಿವರಿಸಬೇಕು, ಅದನ್ನು ಕಂಪನಿ ಷೇರುಪೇಟೆಗೆ ತಿಳಿಸಬೇಕು. "ವೈಯಕ್ತಿಕ ಕಾರಣ" ಎಂದು ಬರೆದವರು ಅದೇ ವಾರ ಉಳಿದ ಕಂಪನಿಗಳ ಬೋರ್ಡಿನಲ್ಲಿ ಆರಾಮಾಗಿ ಮುಂದುವರಿದಿದ್ದರೆ, ನಾನಂತೂ ಆ ಷೇರಿನ ಸಹವಾಸಕ್ಕೆ ಹೋಗುವುದಿಲ್ಲ.