ಓದುಗರ ಪ್ರಶ್ನೆ: ನಾಲ್ಕು ದನಿ ಒಟ್ಟಿಗೆ ಹಾಡಿದರೆ ಯಾರನ್ನು ಕೇಳಬೇಕು?

ಹೋದ ಸಂಚಿಕೆಯಲ್ಲಿ ಯುರೋಪಿನ ಹಳೆಯ ಸಂಗೀತದ ಬಗ್ಗೆ, ಅಂದರೆ ಸುಮಾರು 1500ರಿಂದ 1800ರವರೆಗಿನ ಸಂಗೀತದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆ. ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಯುರೋಪಿನ ಹಳೆಯ ಚರ್ಚ್ ಸಂಗೀತ ಕೇಳಲು ಕೂತರೆ ನಾಲ್ಕೈದು ಜನ ಬೇರೆ ಬೇರೆ ಸ್ವರ ಹಾಡುತ್ತಿರುತ್ತಾರೆ. ಮುಖ್ಯ ಹಾಡುಗಾರ ಯಾರು ಎಂದೇ ಗೊತ್ತಾಗುವುದಿಲ್ಲ. ಎಲ್ಲಿಂದ ಶುರು ಮಾಡಲಿ? (ಧಾರವಾಡದಿಂದ)

ಮುಖ್ಯ ಹಾಡುಗಾರ ಅಂತ ಅಲ್ಲಿ ಯಾರೂ ಇಲ್ಲ. ಅದು ಗೊತ್ತಾದ ದಿನ ನಿಮಗೆ ಅರ್ಧ ದಾರಿ ಸಾಗಿರುತ್ತದೆ.

ನನಗೂ ಹೀಗೇ ಆಗಿತ್ತು. ನಾನು ಮೈಸೂರಿನಲ್ಲಿ ಸೋದರಮಾವನ ಹತ್ತಿರ ಪಿಟೀಲು ಕಲಿತವಳು. ಚಾಪೆಯ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಗಂಟಿಗೆ ಆನಿಸಿ ನುಡಿಸುವ ಅಭ್ಯಾಸ. ಕಿವಿಗೆ ಗೊತ್ತಿದ್ದದ್ದು ಒಂದು ತಂಬೂರಿ, ಒಂದು ರಾಗ, ಒಂದು ದನಿ. ಮೂವತ್ತೊಂದನೆಯ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದ ಮೇಲೆ ಗೆಳತಿಯೊಬ್ಬಳ ಮನೆಯಲ್ಲಿ ಹದಿನಾರನೆಯ ಶತಮಾನದ ಇಟಲಿಯ ರಚನೆಕಾರ ಪಾಲೆಸ್ತ್ರೀನಾನ ಹಾಡೊಂದನ್ನು ಕ್ಯಾಸೆಟ್ಟಿನಲ್ಲಿ ಕೇಳಿದೆ. ಉಳಿದವರು ಸುಮ್ಮನಾಗಿ ಒಬ್ಬರೇ ಹಾಡಲಿ ಎಂದು ಕಾಯುತ್ತಾ ಕೂತೆ. ಹಾಡು ಮುಗಿದೇ ಹೋಯಿತು. ಆಗ ಗೆಳತಿ, 'ನೀನು ಜಡೆ ಕೋಲಾಟ ನೋಡಿದ್ದೀಯಲ್ಲ, ಹಾಗೆ ಕೇಳು' ಎಂದಳು.

ಜಡೆ ಕೋಲಾಟದಲ್ಲಿ ಎಲ್ಲ ಹಗ್ಗಗಳನ್ನೂ ಒಟ್ಟಿಗೆ ನೋಡಲು ಹೋದರೆ ಕಣ್ಣು ಕಟ್ಟುತ್ತದೆ. ಒಂದೇ ಒಂದು ಬಣ್ಣದ ಹಗ್ಗವನ್ನು ಹಿಡಿದು ನೋಡಿದರೆ ಅದು ಎಲ್ಲಿ ಒಳಗೆ ಹೋಯಿತು, ಎಲ್ಲಿ ಮೇಲೆ ಬಂತು ಎಂದು ತಿಳಿಯುತ್ತದೆ. ಜಡೆ ಹೇಗೆ ಆಯಿತು ಎನ್ನುವುದೂ ತಾನಾಗಿ ತಿಳಿಯುತ್ತದೆ.

ಪಾಲೆಸ್ತ್ರೀನಾನ 'ಸಿಕುತ್ ಚೆರ್ವುಸ್' ಎಂಬ ಹಾಡಿನಿಂದ ಶುರು ಮಾಡಿ. ಬಾಯಾರಿದ ಜಿಂಕೆ ನೀರಿನ ತೊರೆಗೆ ಹಂಬಲಿಸುವ ಹಾಗೆ ನನ್ನ ಪ್ರಾಣ ನಿನಗಾಗಿ ಹಂಬಲಿಸುತ್ತಿದೆ ದೇವರೇ ಎಂಬ, ಬೈಬಲಿನ ಕೀರ್ತನೆಯ ಸಾಲು ಅದು. ನಾಲ್ಕೇ ದನಿ, ವಾದ್ಯ ಬೇಕಿಲ್ಲ. ಮೊದಲು ಗಂಡಸರ ಮೇಲಿನ ದನಿ, ಅಂದರೆ ಟೆನರ್, ಒಬ್ಬರೇ ಶುರು ಮಾಡುತ್ತಾರೆ. ಅದೇ ಎಳೆಯನ್ನು ಹಿಡಿದು ಅದಕ್ಕಿಂತ ಮೇಲಿನ ದನಿ ಆಲ್ಟೊ ಬರುತ್ತದೆ. ಆಮೇಲೆ ಎಲ್ಲಕ್ಕಿಂತ ಮೇಲಿನ ಸೊಪ್ರಾನೊ, ಕೊನೆಗೆ ಕೆಳಗಿನ ಬೇಸ್. ಮೊದಲ ಸಲ ಟೆನರ್ ಒಂದನ್ನೇ ಹಿಡಿದು ಕೊನೆಯವರೆಗೆ ಹೋಗಿ. ಎರಡನೆಯ ಸಲ ಬೇಸ್. ನಾಲ್ಕು ಸಲ ಕೇಳಿದ ಮೇಲೆ ಐದನೆಯ ಸಲ ಏನನ್ನೂ ಹಿಡಿಯದೆ ಸುಮ್ನೆ ಕೂತುಕೊಳ್ಳಿ.

ಪಾಲೆಸ್ತ್ರೀನಾ ಅನ್ನುವುದು ರೋಮಿನ ಹತ್ತಿರದ ಒಂದು ಊರು. ನಮ್ಮ ಕಲಾವಿದರಿಗೆ ಇರುವ ಹಾಗೆ ಅವನಿಗೂ ಊರಿನ ಹೆಸರೇ ಉಳಿಯಿತು. 1555ರಲ್ಲಿ ಅವನನ್ನು ಪೋಪ್ ಅವರ ಗಾಯಕರ ತಂಡದಿಂದ ತೆಗೆದುಹಾಕಿದರು. ಕಾರಣ, ಅವನಿಗೆ ಮದುವೆಯಾಗಿತ್ತು. ಆ ವರ್ಷ ನಮ್ಮ ಪುರಂದರದಾಸರು ಇನ್ನೂ ಇದ್ದರು. ಅವರು ತೀರಿಕೊಂಡದ್ದು 1564ರಲ್ಲಿ ಎನ್ನುತ್ತಾರೆ. ಇವರ ಹಾಡಿನ ಸುದ್ದಿ ಅವನಿಗಾಗಲಿ, ಅವನದು ಇವರಿಗಾಗಲಿ ತಲುಪಿರಲಿಕ್ಕಿಲ್ಲ. ಆದರೂ ರೋಮಿನಲ್ಲಿ ಈ ಜಿಂಕೆಯ ಹಾಡು, ಹಂಪೆಯಲ್ಲಿ ದಾಸರ ಪದ, ಎರಡೂ ಒಂದೇ ಶತಮಾನದವು ಎಂದು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ ಎನ್ನುತ್ತದೆ.

ಪ್ರಶ್ನೆ: ನಮ್ಮಲ್ಲಿ ವರ್ಣ, ಕೃತಿ, ಜಾವಳಿ ಇದ್ದ ಹಾಗೆ ಅಲ್ಲಿ ಸೊನಾಟಾ, ಕನ್ಸರ್ಟೊ, ಸಿಂಫನಿ ಎನ್ನುತ್ತಾರೆ. ಎಷ್ಟು ಓದಿದರೂ ವ್ಯತ್ಯಾಸ ತಲೆಗೆ ಹೋಗುತ್ತಿಲ್ಲ. (ಹಾಸನದಿಂದ)

ವ್ಯಾಖ್ಯೆ ಬಾಯಿಪಾಠ ಮಾಡಬೇಡಿ. ಎಲ್ಲಿ ನುಡಿಸಿದರು, ಯಾರು ಸಂಬಳ ಕೊಟ್ಟರು, ಕೇಳಲು ಯಾರು ಕೂತಿದ್ದರು ಎಂದು ಕೇಳಿಕೊಳ್ಳಿ. ನನಗೆ ತಲೆಗೆ ಹತ್ತಿದ್ದು ಹಾಗೇ.

ಕನ್ಸರ್ಟೊ ತೆಗೆದುಕೊಳ್ಳಿ. ಒಂದು ಕಡೆ ವಾದ್ಯಗಳ ಗುಂಪು, ಇನ್ನೊಂದು ಕಡೆ ಒಬ್ಬ ವಾದ್ಯಗಾರ. ಗುಂಪು ಒಂದು ಪುಟ್ಟ ತುಣುಕನ್ನು ನುಡಿಸುತ್ತದೆ, ಒಬ್ಬರು ತಮ್ಮ ದಾರಿಯಲ್ಲಿ ಹೋಗುತ್ತಾರೆ, ಮತ್ತೆ ಗುಂಪಿನ ತುಣುಕು ಬರುತ್ತದೆ. ಚರಣ ಮುಗಿಸಿ ಪಲ್ಲವಿಗೆ ಬರುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಇದನ್ನು ಗಟ್ಟಿಯಾಗಿ ಕಟ್ಟಿಕೊಟ್ಟವನು ವೆನಿಸ್ಸಿನ ವಿವಾಲ್ಡಿ. ಕೆಂಪು ಕೂದಲಿನ ಪಾದ್ರಿ. 1703ರಲ್ಲಿ ಅವನಿಗೆ ಪಿಯೆಟಾ ಎಂಬ ಅನಾಥಾಲಯದಲ್ಲಿ ಪಿಟೀಲು ಮೇಷ್ಟ್ರ ಕೆಲಸ ಸಿಕ್ಕಿತು. ಸಾಕಲಾರದ ಕೂಸುಗಳನ್ನು ಅಲ್ಲಿನ ಗೋಡೆಯ ಗೂಡಿನಲ್ಲಿ ಬಿಟ್ಟು ಹೋಗುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಕೈ ಚುರುಕಾದವರಿಗೆ ಸಂಗೀತ ಕಲಿಸುತ್ತಿದ್ದರು. ಅವರು ಮೇಲಿನ ಮೊಗಸಾಲೆಯಲ್ಲಿ, ಕಬ್ಬಿಣದ ಜಾಲರಿಯ ಹಿಂದೆ ನಿಂತು ನುಡಿಸುತ್ತಿದ್ದರು. ಕೆಳಗೆ ಕೂತವರಿಗೆ ಮುಖ ಕಾಣುತ್ತಿರಲಿಲ್ಲ, ನಾದ ಮಾತ್ರ. ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದ ಕಾರಣ ಮನೆತನದ ಹೆಸರೂ ಇರಲಿಲ್ಲ. ವಾದ್ಯವೇ ಹೆಸರಾಗುತ್ತಿತ್ತು. ಅವರಲ್ಲಿ ತುಂಬಾ ದೊಡ್ಡ ಕಲಾವಿದೆಯಾದ ಒಬ್ಬಳನ್ನು 'ಪಿಟೀಲಿನ ಅನ್ನಾ ಮರಿಯಾ' ಎಂದೇ ಕರೆದರು. ವಿವಾಲ್ಡಿ ಐನೂರಕ್ಕೂ ಜಾಸ್ತಿ ಕನ್ಸರ್ಟೊ ಬರೆದ. ಅವುಗಳಲ್ಲಿ ಬಹಳಷ್ಟು ಈ ಹುಡುಗಿಯರ ಕೈಗೆಂದೇ ಬರೆದವು. ಇದು ಗೊತ್ತಾದ ಮೇಲೆ ಕನ್ಸರ್ಟೊ ಎಂಬ ಪದ ಕೇಳಿದಾಗಲೆಲ್ಲ ನನಗೆ ಆ ಜಾಲರಿ ಕಾಣುತ್ತದೆ.

ಅವನ 'ನಾಲ್ಕು ಋತುಗಳು' 1725ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ವಸಂತದ ನಡುವಿನ ಭಾಗವನ್ನು ಕೇಳಿ. ಒಂಟಿ ಪಿಟೀಲು ಮರದಡಿ ಮಲಗಿದ ಮೇಕೆ ಕಾಯುವವನು. ಒಂದೇ ಸಮನೆ ಎರಡೆರಡು ಸ್ವರ ಒತ್ತಿ ನುಡಿಸುವ ವಿಯೋಲಾ, ಅಂದರೆ ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ, ಬೊಗಳುವ ನಾಯಿ. ಮಕ್ಕಳಿಗೆ ಕೇಳಿಸಿದರೆ ತಕ್ಷಣ ಗುರುತು ಹಿಡಿಯುತ್ತಾರೆ.

ಸಿಂಫನಿಗೆ ಒಂಟಿ ವಾದ್ಯ ಬೇಕಿಲ್ಲ. ಇಡೀ ವಾದ್ಯಮೇಳವೇ ಕಲಾವಿದ. ಅದಕ್ಕೆ ಅಷ್ಟು ಜನರನ್ನು ಸಾಕುವ ದೊರೆ ಬೇಕು. ಆಸ್ಟ್ರಿಯಾದ ರಚನೆಕಾರ ಹೈಡನ್ 1761ರಲ್ಲಿ ಹಂಗೇರಿಯ ದೊರೆಗಳಾದ ಎಸ್ಟರ್‌ಹಾಜಿ ಮನೆತನದ ಚಾಕರಿಗೆ ಸೇರಿದ. ಬಿಳಿ ಕಾಲುಚೀಲ ಹಾಕಿರಬೇಕು, ತಲೆಗೆ ಪೌಡರ್ ಹಾಕಿರಬೇಕು ಎಂದೆಲ್ಲ ಕರಾರಿನಲ್ಲಿ ಬರೆದಿತ್ತು. 1772ರಲ್ಲಿ ದೊರೆ ನಿಕೊಲೌಸ್ ಬೇಸಿಗೆ ಮುಗಿದರೂ ತನ್ನ ಹಳ್ಳಿಯ ಅರಮನೆ ಬಿಟ್ಟು ಹೊರಡಲಿಲ್ಲ. ವಾದ್ಯಗಾರರ ಹೆಂಡತಿ ಮಕ್ಕಳು ದೂರದ ಪಟ್ಟಣದಲ್ಲಿದ್ದರು. ದೊರೆಗೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೈಡನ್ ಒಂದು ಸಿಂಫನಿ ಬರೆದ. ಅದರ ಕೊನೆಯಲ್ಲಿ ಒಬ್ಬೊಬ್ಬರೇ ತಮ್ಮ ಪಾಲು ಮುಗಿಸಿ, ಮುಂದಿನ ಮೇಣದ ಬತ್ತಿ ಆರಿಸಿ, ಎದ್ದು ಹೋಗುತ್ತಾರೆ. ಕೊನೆಗೆ ಉಳಿಯುವುದು ಎರಡೇ ಪಿಟೀಲು, ಅದೂ ಪಿಸುದನಿಯಲ್ಲಿ. ದೊರೆಗೆ ಅರ್ಥವಾಯಿತು, ಮಾರನೆಯ ದಿನವೇ ಎಲ್ಲರೂ ಊರಿಗೆ ಹೊರಟರು ಎಂದು ಹೇಳುತ್ತಾರೆ. ಅದು ಅವನ 45ನೆಯ ಸಿಂಫನಿ. ಹೆಸರು 'ವಿದಾಯ'.

ಇನ್ನು ಸೊನಾಟಾ ಎಂದರೆ 'ನುಡಿಸಿದ್ದು', ಕಂಟಾಟಾ ಎಂದರೆ 'ಹಾಡಿದ್ದು'. ಇಟಲಿಯ ಮಾತುಗಳು. ಹೈಡನ್ ಕಾಲಕ್ಕೆ ಸೊನಾಟಾ ಎಂದರೆ ಸಾಮಾನ್ಯವಾಗಿ ಮನೆಯ ಪಿಯಾನೊಗೆ, ಇಲ್ಲವೇ ಪಿಯಾನೊ ಜೊತೆ ಒಂದು ಪಿಟೀಲಿಗೆ ಬರೆದದ್ದು. ಕ್ವಾರ್ಟೆಟ್ ಎಂದರೆ ಎರಡು ಪಿಟೀಲು, ಒಂದು ವಿಯೋಲಾ, ಇನ್ನೂ ದೊಡ್ಡದಾದ ಒಂದು ಚೆಲ್ಲೊ. ನಾನು ಭಾನುವಾರಗಳಲ್ಲಿ ಎರಡನೆಯ ಪಿಟೀಲು ನುಡಿಸುವುದು ಇದರಲ್ಲೇ. ನಾಲ್ಕು ಜನ ವಿವೇಕಿಗಳು ಮಾತಾಡಿಕೊಳ್ಳುವುದನ್ನು ಕೇಳಿದ ಹಾಗೆ ಎಂದು ಜರ್ಮನ್ ಕವಿ ಗಯಟೆ ಕ್ವಾರ್ಟೆಟ್ ಬಗ್ಗೆ ಹೇಳಿದ್ದ. ಒಳಗೆ ಕೂತು ನುಡಿಸುವವರಿಗೂ ಹಾಗೇ ಅನ್ನಿಸುತ್ತದೆ.

ಪ್ರಶ್ನೆ: 'ಬ್ಯಾಚ್' ಎನ್ನಬೇಕಾ, 'ಬಾಕ್' ಎನ್ನಬೇಕಾ? (ತುಮಕೂರಿನಿಂದ)

ಬಾಖ್. ಗಂಟಲಿನಿಂದ ಉಸಿರು ಬಿಟ್ಟು ಹೇಳಿ. ಅವನು ಜರ್ಮನಿಯ ರಚನೆಕಾರ, ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ ಹಳ್ಳ, ತೊರೆ ಎಂಬ ಅರ್ಥವಿದೆ. ಹಾಗೆಯೇ 'ಹೇಡನ್' ಅಲ್ಲ, ಹೈಡನ್.

ಪ್ರಶ್ನೆ: ನಾನು ಚರ್ಚಿನ ಕ್ವಾಯರ್‌ನಲ್ಲಿ ಹಾಡುತ್ತೇನೆ. ಮೊಜಾರ್ಟ್ ಹುಡುಗನಾಗಿದ್ದಾಗ ಅಲ್ಲೆಗ್ರಿಯ 'ಮಿಸೆರೆರೆ'ಯನ್ನು ಒಂದೇ ಸಲ ಕೇಳಿ ಪೂರ್ತಿ ಬರೆದುಕೊಂಡ ಎನ್ನುತ್ತಾರೆ. ನಿಜವಾ? (ಮಂಗಳೂರಿನಿಂದ)

ನಿಜ. ಆದರೆ ಕಥೆ ಹೇಳುತ್ತಾ ಹೇಳುತ್ತಾ ಸ್ವಲ್ಪ ಉಬ್ಬಿದೆ.

'ಮಿಸೆರೆರೆ' ಎಂದರೆ 'ಕರುಣೆ ತೋರು' ಎಂದು ಶುರುವಾಗುವ ಬೈಬಲಿನ ಕೀರ್ತನೆ, ಅದಕ್ಕೆ ಸಂಗೀತ ಕಟ್ಟಿದವನು ರೋಮಿನ ಅಲ್ಲೆಗ್ರಿ. 1770ರ ಏಪ್ರಿಲ್. ಈಸ್ಟರ್‌ಗೆ ಮುಂಚಿನ ಪವಿತ್ರ ವಾರ. ಮೊಜಾರ್ಟ್‌ಗೆ ಹದಿನಾಲ್ಕು ವರ್ಷ, ಅಪ್ಪ ಲಿಯೊಪೋಲ್ಡ್ ಜೊತೆ ರೋಮಿಗೆ ಬಂದಿದ್ದ. ಈ ಹಾಡನ್ನು ಪೋಪ್ ಅವರ ಪ್ರಾರ್ಥನಾಮಂದಿರವಾದ ಸಿಸ್ಟೀನ್ ಚಾಪೆಲಿನಿಂದ ಆಚೆ ಒಯ್ದರೆ ಧರ್ಮದಿಂದಲೇ ಹೊರಗೆ ಹಾಕುತ್ತಾರಂತೆ, ಆದರೆ ನಮ್ಮ ಹತ್ತಿರ ಅದು ಆಗಲೇ ಇದೆ, ವೋಲ್ಫ್‌ಗಾಂಗ್ ಬರೆದುಕೊಂಡಿದ್ದಾನೆ ಎಂದು ಅಪ್ಪ ಏಪ್ರಿಲ್ 14ರಂದು ಮನೆಗೆ ಕಾಗದ ಬರೆದ. ಹುಡುಗ ಶುಭ ಶುಕ್ರವಾರ ಇನ್ನೊಮ್ಮೆ ಹೋಗಿ ಕೇಳಿ, ತಪ್ಪಿದ್ದನ್ನು ತಿದ್ದಿಕೊಂಡ ಎಂದೂ ಹೇಳುತ್ತಾರೆ.

ನೀವು ಹಾಡುವವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಒಂದು ತಂಡ ಐದು ದನಿ, ಇನ್ನೊಂದು ತಂಡ ನಾಲ್ಕು ದನಿ. ಸಾಲುಗಳು ಬದಲಾಗುತ್ತವೆ, ಸಂಗೀತ ಬಹುಪಾಲು ಅದೇ ಮರಳಿ ಮರಳಿ ಬರುತ್ತದೆ. ಹಾಗಾಗಿ ಹನ್ನೆರಡು ಹದಿನೈದು ನಿಮಿಷದ ಹಾಡಾದರೂ ನೆನಪಿಡಬೇಕಾದದ್ದು ಅಷ್ಟಿಲ್ಲ. ಅದರ ಪ್ರತಿಗಳೂ ಆಗಲೇ ಒಂದೆರಡು ಕಡೆ ಇದ್ದವು. ಮರುವರ್ಷ ಲಂಡನ್ನಿನಲ್ಲಿ ಅಚ್ಚೂ ಆಯಿತು. ಪೋಪ್ ಹುಡುಗನಿಗೆ ಶಿಕ್ಷೆ ಕೊಡಲಿಲ್ಲ. ಅದೇ ಜುಲೈನಲ್ಲಿ ಗೌರವ ಪದಕ ಕೊಟ್ಟರು. ಇಷ್ಟೆಲ್ಲ ಹೇಳಿದ ಮೇಲೂ ಒಂಬತ್ತು ದನಿಗಳನ್ನು ಕಿವಿಯಲ್ಲೇ ಬಿಡಿಸಿಕೊಂಡ ಆ ಮಗುವಿನ ಬಗ್ಗೆ ನನ್ನ ಬೆರಗು ಕಡಿಮೆಯಾಗುವುದಿಲ್ಲ. ಒಮ್ಮೆ ಕೇಳಿದ್ದನ್ನು ಒಪ್ಪಿಸುವವರಿಗೆ ನಮ್ಮಲ್ಲಿ ಏಕಪಾಠಿ ಎನ್ನುತ್ತೇವೆ. ಅವನು ಹಾಗಿದ್ದ.

ಇನ್ನೊಂದು ಮಾತು. ಇವತ್ತು ಈ ಹಾಡಿನಲ್ಲಿ ಎಲ್ಲರೂ ಕಾಯುವ ಆ ಆಕಾಶಕ್ಕೇರುವ ಸ್ವರ ಇದೆಯಲ್ಲ, ಅದು ಮೊಜಾರ್ಟ್ ಕೇಳಿದ್ದರಲ್ಲಿ ಇರಲಿಲ್ಲ. ಎಷ್ಟೋ ಕಾಲದ ನಂತರ ಪ್ರತಿ ಮಾಡುವಾಗ ಸೇರಿಕೊಂಡದ್ದು.

ಪ್ರಶ್ನೆ: ಹತ್ತು ವರ್ಷದ ಮಗಳು ಪಿಯಾನೊ ಕಲಿಯುತ್ತಿದ್ದಾಳೆ. ಟೀಚರ್ ಬಾಖ್ ಕೊಟ್ಟರೆ 'ಬೋರು' ಎಂದು ಅಳುತ್ತಾಳೆ. ನನಗೂ ಅದು ಬರೀ ಬೆರಳಿನ ಕಸರತ್ತು ಎನ್ನಿಸುತ್ತದೆ. ಬಿಡಿಸಲಾ? (ಬೆಂಗಳೂರಿನಿಂದ)

ಬಿಡಿಸಬೇಡಿ ಅಮ್ಮ. ಸ್ವಲ್ಪ ಬೇರೆ ರೀತಿ ಮಾಡಿ ನೋಡಿ.

1720ರಲ್ಲಿ ಬಾಖ್ ತನ್ನ ಹಿರಿಮಗನಿಗೆ ಒಂದು ಪಾಠದ ಪುಸ್ತಕ ಶುರು ಮಾಡಿದ. ಆಗ ಹುಡುಗನಿಗೆ ಒಂಬತ್ತು ವರ್ಷ, ನಿಮ್ಮ ಮಗಳಿಗಿಂತ ಒಂದು ವರ್ಷ ಚಿಕ್ಕವನು. ಅದರಲ್ಲಿದ್ದ ಹದಿನೈದು ಪುಟ್ಟ ರಚನೆಗಳನ್ನು 1723ರಲ್ಲಿ ಚೊಕ್ಕಟವಾಗಿ ಬರೆದಿಟ್ಟ. ಇನ್‌ವೆನ್‌ಷನ್‌ಗಳು ಎಂದು ಕರೆಯುವುದು ಅವನ್ನೇ. ಎರಡು ದನಿಗಳನ್ನು ಶುದ್ಧವಾಗಿ ನುಡಿಸಲು ಕಲಿಯಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹಾಡಿದ ಹಾಗೆ ನುಡಿಸಲು ಕಲಿಯಬೇಕು ಎಂದು ಮೊದಲ ಪುಟದಲ್ಲೇ ಬರೆದಿದ್ದಾನೆ. ಅಪ್ಪ ಮಗನಿಗೆ ಬರೆದದ್ದು ಅದು. ಕಸರತ್ತು ಅಂದುಕೊಳ್ಳಬೇಡಿ.

ಮೊದಲನೆಯ ಇನ್‌ವೆನ್‌ಷನ್ ಬಲಗೈಯಲ್ಲಿ ಶುರುವಾಗುವುದು ಹೀಗೆ: ಸ ರಿ ಗ ಮ ರಿ ಗ ಸ ಪ. ನಮ್ಮ ಶಂಕರಾಭರಣದ ಸ್ವರಗಳು. ಯಾವುದೋ ಅಲಂಕಾರದ ಸಾಲಿನ ಹಾಗಿದೆ ಅಲ್ವಾ? ಬಲಗೈ ಅದನ್ನು ಹೇಳಿ ಮುಗಿಸುತ್ತಿದ್ದ ಹಾಗೆ ಎಡಗೈ ಕೆಳಗಿನ ಸ್ಥಾಯಿಯಲ್ಲಿ ಅದನ್ನೇ ಹೇಳುತ್ತದೆ. ಎಡಗೈ ಇಲ್ಲಿ ಪಕ್ಕವಾದ್ಯವಲ್ಲ, ಜೊತೆಗಾರ. ಧಾರವಾಡದವರಿಗೆ ಮೇಲೆ ಹೇಳಿದ ಜಡೆ ಕೋಲಾಟವನ್ನು ಎರಡೇ ಹಗ್ಗದಲ್ಲಿ ಆಡಿದ ಹಾಗೆ.

ನೀವು ಚಿಕ್ಕಂದಿನಲ್ಲಿ ಸರಳಿ ವರಸೆ ಹಾಡಿದ್ದರೆ ಇಷ್ಟು ಮಾಡಿ. ಮಗಳು ಬಲಗೈ ಸಾಲನ್ನು ನಿಧಾನವಾಗಿ ನುಡಿಸಲಿ. ಎಡಗೈ ಸಾಲನ್ನು ನೀವು ಪಕ್ಕದಲ್ಲಿ ಕೂತು ಸರಿಗಮದಲ್ಲಿ ಹಾಡಿ. ಮಾರನೆಯ ದಿನ ಎಡಗೈ ಸಾಲನ್ನು ಅವಳೇ ಹಾಡಲಿ, ಬಲಗೈಯದನ್ನೂ ಅವಳೇ ನುಡಿಸಲಿ. ಮೊದಲ ಎರಡು ಸಾಲು ಸಾಕು, ದಿನಕ್ಕೆ ಹತ್ತು ನಿಮಿಷ. ಎರಡು ಕೈ ಕೂಡಿಸುವ ಅವಸರ ಬೇಡ. ನನ್ನ ಹತ್ತಿರ ಕಲಿಯುವ ಮಕ್ಕಳಿಗೆ ನಾನು ಹೀಗೇ ಹೇಳಿಕೊಡುತ್ತೇನೆ. ಮೂರನೆಯ ದಿನದ ಹೊತ್ತಿಗೆ ಅವರೇ 'ಮಿಸ್, ಎಡಗೈ ನನ್ನನ್ನೇ ಅಟ್ಟಿಸಿಕೊಂಡು ಬರ್ತಿದೆ' ಎನ್ನುತ್ತಾರೆ.

ಒಂದು ವಾರ ಮಾಡಿ, ಹೇಗಾಯಿತು ಎಂದು ಬರೆಯಿರಿ.