ಮಾಸ್ಕ್ ಲೂಸ್ ಆಗಿದೆ, ರೇಡಿಯೇಷನ್ ಗುರಿ ತಪ್ಪುತ್ತಾ?

ಪ್ರಶ್ನೆ: ನಮ್ಮ ತಂದೆಗೆ ಗಂಟಲಿನ ಕ್ಯಾನ್ಸರ್. ಒಟ್ಟು 35 ಸಲ ರೇಡಿಯೇಷನ್ ಅಂದಿದ್ದಾರೆ, ಈಗ ನಾಲ್ಕನೇ ವಾರ. ದಿನಾ ತಲೆ ಅಲುಗದಂತೆ ಹಿಡಿಯುವ ಮಾಸ್ಕ್ ಹಾಕಿ, ಸ್ಕ್ಯಾನ್ ಮಾಡಿ, ಟೇಬಲ್ ಸ್ವಲ್ಪ ಸರಿಸಿ ಆಮೇಲೆ ಚಿಕಿತ್ಸೆ ಕೊಡುತ್ತಾರೆ. ಮೊನ್ನೆ ಮಾಸ್ಕ್ ಬಿಚ್ಚಿ ಮತ್ತೆ ಮೊದಲಿನಿಂದ ಮಲಗಿಸಿದರಂತೆ. ಅಪ್ಪ ತುಂಬಾ ಇಳಿದುಹೋಗಿದ್ದಾರೆ, ಮಾಸ್ಕ್ ಲೂಸ್ ಆಗಿದೆ ಅನ್ನುತ್ತಾರೆ. ಇಷ್ಟು ದಿನ ಕಿರಣ ತಪ್ಪು ಜಾಗಕ್ಕೆ ಬಿದ್ದಿರಬಹುದಾ?

ಉತ್ತರ: ಟೇಬಲ್ ಸರಿಸುವುದನ್ನು ನೋಡಿ ಗಾಬರಿಯಾಗಬೇಡಿ. ಯಾರೂ ಎರಡು ದಿನ ಒಂದೇ ಥರ ಮಲಗುವುದಿಲ್ಲ. ಮಾಸ್ಕ್ ಇದ್ದರೂ ಒಂದೆರಡು ಮಿಲಿಮೀಟರ್ ಆಚೀಚೆ ಆಗುವುದು ಮಾಮೂಲು. ಅದಕ್ಕೇ ಚಿಕಿತ್ಸೆಗೆ ಮೊದಲು ಮೆಷಿನ್ನಿನಲ್ಲೇ ಸ್ಕ್ಯಾನ್ ತೆಗೆದು, ಪ್ಲಾನ್ ಮಾಡಿದ ದಿನದ ಸಿಟಿ ಸ್ಕ್ಯಾನ್ ಜೊತೆ ಮೂಳೆಗೆ ಮೂಳೆ ಹೊಂದಿಸಿ ನೋಡುತ್ತಾರೆ. ವ್ಯತ್ಯಾಸ ಕಂಡರೆ ಟೇಬಲ್ ಸರಿಸುತ್ತಾರೆ. ಅಳಿದುಳಿದ ಸಣ್ಣ ವ್ಯತ್ಯಾಸಕ್ಕೂ ಪ್ಲಾನಿನಲ್ಲಿ ಜಾಗ ಬಿಟ್ಟಿರುತ್ತಾರೆ. ಗಡ್ಡೆಯ ಸುತ್ತ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್ ಅಂಚು ಸೇರಿಸಿಯೇ ಗುರಿ ಗುರುತು ಮಾಡುವುದು.

ಹಾಗಿದ್ದರೆ ಆ ಅಂಚನ್ನೇ ಜಾಸ್ತಿ ಇಡಬಹುದಲ್ವಾ? ಕುತ್ತಿಗೆಯಲ್ಲಿ ಅಷ್ಟು ಜಾಗ ಎಲ್ಲಿದೆ! ಪಕ್ಕದಲ್ಲೇ ಬೆನ್ನುಹುರಿ. ಅದಕ್ಕೆ ಬೀಳುವ ಡೋಸ್ ಒಟ್ಟು 45ರಿಂದ 50 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ) ದಾಟದಂತೆ ನೋಡಿಕೊಳ್ಳಬೇಕು. ಗಡ್ಡೆಗೆ ಮಾತ್ರ 70 ಗ್ರೇ ಹತ್ತಿರ ಬೇಕು. ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಗೆ ಜಾಸ್ತಿ ಬಿದ್ದರೆ ಬಾಯಿ ಒಣಗುವ ತೊಂದರೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣದ ತೀವ್ರತೆ ಹೊಂದಿಸುವ ಈಗಿನ ಐಎಂಆರ್‌ಟಿ ಪ್ಲಾನಿನಲ್ಲಿ ಕೆಲವೇ ಮಿಲಿಮೀಟರ್ ಅಂತರದಲ್ಲಿ ಡೋಸ್ ಸರ‍್ರನೆ ಇಳಿಯುತ್ತದೆ. ಮಲಗಿಸುವ ಕೆಲಸಕ್ಕೆ ಇಷ್ಟು ಮಹತ್ವ ಬಂದಿರುವುದೇ ಅದರಿಂದ.

ಟೇಬಲ್ ಸರಿಸಿದರೆ ಎಲ್ಲವೂ ಸರಿಯಾಗುತ್ತದೆ ಅಂತಲೂ ಅಲ್ಲ. ಇಡೀ ದೇಹ 3 ಮಿಲಿಮೀಟರ್ ಎಡಕ್ಕಿದ್ದರೆ ಟೇಬಲ್ ಅದನ್ನು ಸರಿಮಾಡುತ್ತದೆ. ಗದ್ದ ಮೇಲೆದ್ದಿದ್ದರೆ, ಭುಜ ಏರಿದ್ದರೆ, ಕುತ್ತಿಗೆ ಬಾಗಿದ್ದರೆ? ದವಡೆಗೆ ಹೊಂದಿಸಿದರೆ ಕುತ್ತಿಗೆಯ ಕೆಳಭಾಗ ತಪ್ಪುತ್ತದೆ, ಕುತ್ತಿಗೆಗೆ ಹೊಂದಿಸಿದರೆ ದವಡೆ ತಪ್ಪುತ್ತದೆ. ಓರೆಯಾಗಿ ಬಾಗುವ ಟೇಬಲ್ ಕೆಲವು ಕಡೆ ಇರುತ್ತದೆ, ಆದರೆ ಬಾಗಿದ ಕುತ್ತಿಗೆಯನ್ನು ಅದೂ ನೆಟ್ಟಗೆ ಮಾಡಲಾರದು. ಆಗ ಬಿಚ್ಚಿ ಮತ್ತೆ ಮಲಗಿಸುವುದೇ ಸರಿ. ಮೊನ್ನೆ ನಿಮ್ಮ ತಂದೆಗೆ ಆಗಿದ್ದೂ ಬಹುಶಃ ಅದೇ. ನನ್ನ ಕೇಳಿದರೆ ಅದು ಒಳ್ಳೆಯ ಲಕ್ಷಣ: ಟೆಕ್ನೀಷಿಯನ್‌ಗಳು ಸ್ಕ್ಯಾನನ್ನು ಸುಮ್ನೆ ಶಾಸ್ತ್ರಕ್ಕೆ ತೆಗೆಯುತ್ತಿಲ್ಲ, ನೋಡುತ್ತಿದ್ದಾರೆ.

ನಿಮ್ಮ ಪತ್ರದಲ್ಲಿ ನಿಜಕ್ಕೂ ಗಮನ ಕೊಡಬೇಕಾದ ಮಾತು ತಂದೆ ಇಳಿದಿರುವುದು. ಮಾಸ್ಕ್ ಅಂದರೆ ಬಿಸಿನೀರಲ್ಲಿ ಮೆತ್ತಗಾಗಿ, ಆರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್. ಅದರ ಅಚ್ಚು ಮೊದಲ ದಿನದ ಮುಖದ್ದು. ತೂಕ ಇಳಿದರೆ, ಕುತ್ತಿಗೆಯ ಗಂಟು ಕರಗಿದರೆ ಒಳಗೆ ಸಂದು ಬೀಳುತ್ತದೆ, ತಲೆ ಅಲುಗುತ್ತದೆ. ಅದರ ಮೇಲೆ, ಜೊಲ್ಲಿನ ಗ್ರಂಥಿಗಳೂ ಸಣ್ಣದಾಗಿ ಒಳಕ್ಕೆ, ಅಂದರೆ ಜಾಸ್ತಿ ಡೋಸ್ ಇರುವ ಕಡೆಗೆ ಸರಿಯುತ್ತವೆ. ಮೂಳೆ ಎಷ್ಟೇ ಸರಿ ಹೊಂದಿದರೂ ಇದು ಸರಿಹೋಗುವುದಿಲ್ಲ. ಬದಲಾವಣೆ ದೊಡ್ಡದಿದ್ದರೆ ಹೊಸ ಮಾಸ್ಕ್, ಹೊಸ ಸಿಟಿ, ಹೊಸ ಪ್ಲಾನ್ ಮಾಡುತ್ತಾರೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ.

ಆದ್ದರಿಂದ "ಮಾಸ್ಕ್ ಲೂಸ್ ಆಗಿದೆ, ಒಳಗೆ ಗದ್ದ ಅಲ್ಲಾಡುತ್ತೆ" ಅಂತ ತಂದೆಯೇ ಟೆಕ್ನೀಷಿಯನ್‌ಗೆ ಹೇಳಲಿ, ನೀವು ಡಾಕ್ಟರಿಗೂ ತಿಳಿಸಿ. ಎಷ್ಟೋ ಜನ ತೊಂದರೆ ಕೊಟ್ಟಂತಾಗುತ್ತೆ ಅಂತ ಸುಮ್ಮನಿರುತ್ತಾರೆ. "ತೂಕ ಎಷ್ಟು ಇಳಿದಿದೆ, ಇತ್ತೀಚಿನ ಸ್ಕ್ಯಾನಿನಲ್ಲಿ ಕುತ್ತಿಗೆಯ ಆಕಾರ ಬದಲಾಗಿದೆಯಾ, ಪ್ಲಾನ್ ಮತ್ತೆ ಮಾಡಬೇಕಾ" ಅಂತ ನೇರವಾಗಿ ಕೇಳಿ. ನುಂಗಲು ಕಷ್ಟವಾಗಿದ್ದರೆ ನೋವಿನ ಔಷಧಿ, ಆಹಾರದ ನಳಿಕೆ ಬಗ್ಗೆಯೂ ಈಗಲೇ ಮಾತಾಡಿ. ಮಾಸ್ಕ್ ಮಾಡಿದಾಗ ಗಡ್ಡ ಬೋಳಿಸಿದ್ದರೆ ಈಗ ಬೆಳೆಸುವುದು ಬೇಡ. ಹಲ್ಲು ಸೆಟ್ ತೆಗೆದಿದ್ದರೆ ದಿನಾ ತೆಗೆದೇ ಮಲಗಬೇಕು.

ಇನ್ನೊಂದು ಮಾತು. ಹೊಸ ಪ್ಲಾನ್ ತಯಾರಾಗಲು ಕೆಲವು ದಿನ ಹಿಡಿಯಬಹುದು. ಅಲ್ಲಿಯವರೆಗೆ ಸಾಮಾನ್ಯವಾಗಿ ಹಳೆಯ ಪ್ಲಾನಿನಲ್ಲೇ ಚಿಕಿತ್ಸೆ ಮುಂದುವರಿಸುತ್ತಾರೆ, ಡಾಕ್ಟರ್ ನಿಲ್ಲಿಸಿ ಅಂದರೆ ಮಾತ್ರ ನಿಲ್ಲಿಸುವುದು. ನೀವಾಗಿಯೇ ಹೆದರಿ ನಡುವೆ ದಿನ ತಪ್ಪಿಸಬೇಡಿ. ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಚಿಕಿತ್ಸೆ ಎಳೆದಷ್ಟೂ ಉಳಿದ ಗಡ್ಡೆಯ ಕಣಗಳಿಗೆ ಮತ್ತೆ ಬೆಳೆಯಲು ಸಮಯ ಸಿಗುತ್ತದೆ.